ಓದದ ಹದಿನೈದು ಅಂಕಿ

2006ರ ಜುಲೈ 4, ಮಂಗಳವಾರ, ರಾತ್ರಿ 9 ಗಂಟೆ 5 ನಿಮಿಷಕ್ಕೆ ಸ್ಯಾನ್ ಡಿಯೇಗೊ ನಗರದ ಮೀರಾ ಮೆಸಾದಲ್ಲಿ ಒಂದು ಮನೆಯ ಹಿತ್ತಲಿನಿಂದ ಆರು ವರ್ಷದ ಕಂದು ನಾಯಿಯೊಂದು ಓಡಿಹೋಯಿತು. ಅಮೆರಿಕದ ಸ್ವಾತಂತ್ರ್ಯ ದಿನದ ಪಟಾಕಿ ಶುರುವಾಗಿ ಐದು ನಿಮಿಷವಾಗಿತ್ತು. ಹಿತ್ತಲಿನ ಪಕ್ಕದ ಗೇಟು ತೆರೆದಿತ್ತು. ತೆರೆದಿಟ್ಟವರು ಯಾರೆಂದು ಆಮೇಲೂ ಗೊತ್ತಾಗಲಿಲ್ಲ. ಆ ಮನೆಗೆ ಅಂದು ಹದಿನಾಲ್ಕು ಜನ ಊಟಕ್ಕೆ ಬಂದಿದ್ದರು.

ಮನೆ ಶೋಭಾ ಮತ್ತು ಅರವಿಂದ ಅವರದು. ನಾಯಿ ಅವರದಲ್ಲ, ಎರಡು ಮನೆ ಆಚೆ ಒಬ್ಬಳೇ ಇದ್ದ ಊರ್ಮಿಳಾಳದು. ನಾಯಿಯನ್ನು ಅವರಲ್ಲಿ ಬಿಟ್ಟು ಹೋಗಿದ್ದ ಅವಳು ಆ ಹೊತ್ತಿಗೆ ನೂರು ಮೈಲಿ ಉತ್ತರಕ್ಕೆ, ಲಾಂಗ್ ಬೀಚಿನ ಒಂದು ಮೋಟೆಲ್‌ನಲ್ಲಿ, ಮರುದಿನದ ಕೆಲಸದ ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತಿದ್ದಳು. ಶೋಭಾ ಫೋನ್ ಮಾಡಿದ್ದು 9:40ಕ್ಕೆ.

"ಊರ್ಮಿಳಾ, ಹೇಗೆ ಹೇಳ್ಲಿ... ಕೆಂಚ ಕಾಣಿಸ್ತಿಲ್ಲ ಕಣ್ರೀ. ಅರವಿಂದ ಕಾರ್ ತಗೊಂಡು ಬೀದಿ ಬೀದಿ ಸುತ್ತುತಾ ಇದಾರೆ."

"ಬೆಲ್ಟ್ ಹಾಕಿತ್ತಾ?"

"ಇತ್ತು. ಆದ್ರೆ ಅದರಲ್ಲಿ ನಿಮ್ಮ ಹೆಸರೂ ಇಲ್ಲ, ಫೋನ್ ನಂಬರೂ ಇಲ್ವಲ್ರೀ."

"ಪರವಾಗಿಲ್ಲ," ಎಂದಳು ಊರ್ಮಿಳಾ. "ಚಿಪ್ ಇದೆ. ಯಾರಿಗೆ ಸಿಕ್ಕಿದ್ರೂ ಓದ್ತಾರೆ."

ಚಿಪ್ ಇದ್ದದ್ದು ನಿಜ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಕೊಳವೆ, ನಾಯಿಯ ಎರಡು ಹೆಗಲ ನಡುವೆ, ಚರ್ಮದ ಕೆಳಗೆ. ಅದಕ್ಕೆ ಬ್ಯಾಟರಿ ಇಲ್ಲ. ಹತ್ತಿರದಲ್ಲಿ ರೀಡರ್ ಹಿಡಿದು ಸರಿಯಾದ ಆವರ್ತನದ ರೇಡಿಯೋ ತರಂಗ ಕಳಿಸಿದರೆ, ಆ ತರಂಗದ ಶಕ್ತಿಯಿಂದಲೇ ಎಚ್ಚೆತ್ತು ತನ್ನ ಹದಿನೈದು ಅಂಕಿಯ ಸಂಖ್ಯೆ ಹೇಳುತ್ತದೆ. ಕೆಂಚ್ಯಾನ ಸಂಖ್ಯೆ 276ರಿಂದ ಶುರುವಾಗುತ್ತಿತ್ತು. 276 ಎಂದರೆ ಜರ್ಮನಿ. 2002ರಲ್ಲಿ ಡ್ಯುಸೆಲ್ಡಾರ್ಫ್‌ನ ಪಶುವೈದ್ಯರೊಬ್ಬರು ಅದನ್ನು ಹಾಕಿದ್ದರು. ಮೂರು ವರ್ಷದ ನಂತರ ಊರ್ಮಿಳಾ ಅಲ್ಲಿನ ಕೆಲಸ ಬಿಟ್ಟು ಅಮೆರಿಕಕ್ಕೆ ಹೊರಟಾಗ, ನಾಯಿತೆರಿಗೆಯ ಗುರುತಾಗಿ ಬೆಲ್ಟಿಗೆ ನೇತುಹಾಕಿದ್ದ ಬಿಲ್ಲೆಯನ್ನು ನಗರಸಭೆ ವಾಪಸು ತೆಗೆದುಕೊಂಡಿತು. ಅದರ ಜಾಗದಲ್ಲಿ ಅವಳು ಬೇರೆ ಬಿಲ್ಲೆ ಹಾಕಲಿಲ್ಲ. ಸ್ಯಾನ್ ಡಿಯೇಗೊದ ನಾಯಿ ಲೈಸೆನ್ಸ್ ಅರ್ಜಿ ಹತ್ತು ತಿಂಗಳಿಂದ ಅಡುಗೆಮನೆಯ ಡ್ರಾಯರ್‌ನಲ್ಲಿತ್ತು. ಮೈಯೊಳಗೇ ಸಂಖ್ಯೆ ಇರುವಾಗ ಕೊರಳಲ್ಲಿ ತಗಡು ಯಾಕೆ ಎಂದು ಅವಳು ಶೋಭಾಳಿಗೆ ಒಮ್ಮೆ ಹೇಳಿದ್ದಳು.

ಹಾಗೆ ಹೇಳುವುದಕ್ಕೆ ಅವಳಿಗೆ ಹಕ್ಕಿತ್ತು ಎಂದು ಎಲ್ಲರೂ ತಿಳಿದಿದ್ದರು. ಅವಳ ಕೆಲಸವೇ ಅದು. ಸೊರೆಂಟೊ ವ್ಯಾಲಿಯ ಒಂದು ಸಣ್ಣ ಕಂಪನಿ ಗೋದಾಮುಗಳಿಗೆ, ಪೆಟ್ಟಿಗೆಗಳ ಮೇಲೆ ಅಂಟಿಸಿದ ರೇಡಿಯೋ ಟ್ಯಾಗ್ ಓದುವ ಯಂತ್ರ ತಯಾರಿಸುತ್ತಿತ್ತು. ಊರ್ಮಿಳಾ ಅಲ್ಲಿ ಪರೀಕ್ಷಾ ವಿಭಾಗದ ಹಿರಿಯ ಎಂಜಿನಿಯರ್. ಪೆಟ್ಟಿಗೆಗಳ ಟ್ಯಾಗ್‌ಗೆ ಒಂದೊಂದು ದೇಶ ಒಂದೊಂದು ಆವರ್ತನ ಕೊಟ್ಟಿದೆ. ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್. ಯುರೋಪಿನಲ್ಲಿ ಆ ಜಾಗದ ಒಂದು ಭಾಗದಲ್ಲಿ ಮೊಬೈಲ್ ಫೋನುಗಳು ಮಾತಾಡುತ್ತವೆ, ಆದ್ದರಿಂದ ಅಲ್ಲಿ 865ರಿಂದ 868. ಭಾರತ 865ರಿಂದ 867. ಜಪಾನ್ 952ರಿಂದ 954. ಚೀನಾ ಇನ್ನೂ ತೀರ್ಮಾನಿಸಿರಲಿಲ್ಲ. ಈ ಪಟ್ಟಿಯನ್ನು ಕಂಪನಿಗೆ ಬರೆದುಕೊಟ್ಟವಳು, ತಿಂಗಳಿಗೊಮ್ಮೆ ತಿದ್ದುವವಳು ಊರ್ಮಿಳಾಳೇ. ಪ್ರಾಣಿಗಳ ಚಿಪ್ ಆ ಪಟ್ಟಿಯಲ್ಲಿರಲಿಲ್ಲ. ಅದು ಕಿಲೋಹರ್ಟ್ಸ್‌ನ ಲೋಕ, ಕಂಪನಿ ಅಂಥದ್ದನ್ನು ಮಾಡುತ್ತಿರಲಿಲ್ಲ.

ಅವಳ ಊರು ಜಮಖಂಡಿ. ವಯಸ್ಸು ನಲವತ್ತಾರು. ಮದುವೆಯಾಗಿರಲಿಲ್ಲ, ಅದಕ್ಕೆ ಕಾರಣ ಕೇಳುವವರು ಡ್ಯುಸೆಲ್ಡಾರ್ಫ್‌ನಲ್ಲಿ ಇರಲಿಲ್ಲ, ಮೀರಾ ಮೆಸಾದಲ್ಲಿ ಇದ್ದರು. ಒಳ್ಳೆಯ ಜನ. ಹಬ್ಬಕ್ಕೆ ಕರೆಯುತ್ತಿದ್ದರು. "ಒಬ್ಬರೇ ಅಲ್ವಾ, ಬಂದುಬಿಡಿ, ಇಲ್ಲೇ ಒಂದು ತಟ್ಟೆ ಹಾಕಿದ್ರಾಯ್ತು" ಎನ್ನುತ್ತಿದ್ದರು. ಮೊದಲ ಸಲ ಹೋದಾಗ ಅವಳು "ಸಾರು ಭಾಳ ಛಲೋ ಆಗೇತ್ರಿ" ಅಂದಿದ್ದಕ್ಕೆ ಮೇಜಿನ ಸುತ್ತ ಕೂತವರು ನಕ್ಕಿದ್ದರು. ಪ್ರೀತಿಯಿಂದಲೇ ನಕ್ಕಿದ್ದರು. ಇನ್ನೊಂದು ಸಲ ಹೇಳಿ ಎಂದಿದ್ದರು. ಅಂದಿನಿಂದ ಅವಳು ಅವರೆದುರು ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದಳು. ಊರಿನ ಕನ್ನಡ ಉಳಿದದ್ದು ನಾಯಿಯ ಜೊತೆಗೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ, ರೊಟ್ಟಿ ಬಡಿಯುವಾಗ, ರಾತ್ರಿ ಸುದ್ದಿ ನೋಡುವಾಗ ಅವಳು ಅದಕ್ಕೆ ಮಾತು ಹೇಳುತ್ತಿದ್ದಳು. ಮೊದಲ ರೊಟ್ಟಿಯ ಅಂಚು ಅದರದು. "ಬಾರಲೇ ಕೆಂಚ್ಯಾ" ಎಂದರೆ ಬರುತ್ತಿತ್ತು. "ಕುಂದರ" ಎಂದರೆ ಕೂರುತ್ತಿತ್ತು. ಜರ್ಮನಿಯಲ್ಲಿ ಹುಟ್ಟಿದ ನಾಯಿಗೆ ಜರ್ಮನ್ ಬರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಅವಳು ರಜೆ ಹಾಕಿ ಸ್ಯಾನ್ ಡಿಯೇಗೊಗೆ ಬಂದಳು. ಬೀದಿಯ ಕಂಬಗಳಿಗೆ ಕಾಗದ ಅಂಟಿಸಿದಳು: ಕಂದು ಬಣ್ಣ, ಗಂಡು, ಎಡ ಮುಂಗಾಲಿನ ಪಾದ ಬಿಳಿ. ಅದರ ಕೆಳಗೆ ಹದಿನೈದು ಅಂಕಿ. ಬಳಿಕ ತಪ್ಪಿಸಿಕೊಂಡ ಪ್ರಾಣಿಗಳನ್ನು ಇಟ್ಟುಕೊಳ್ಳುವ ಸುತ್ತಲಿನ ಮೂರು ಕೇಂದ್ರಗಳಿಗೆ ಫೋನ್ ಮಾಡಿದಳು. ಎರಡು ಕಡೆ ಅಂಥ ನಾಯಿ ಬಂದಿರಲಿಲ್ಲ. ಮೂರನೆಯದರಲ್ಲಿ ಫೋನ್ ತೆಗೆದುಕೊಂಡ ಹೆಂಗಸು ಮೊದಲೇ ದಣಿದಿದ್ದಳು.

"ಮ್ಯಾಮ್, ವರ್ಷದಲ್ಲಿ ಅತಿ ಹೆಚ್ಚು ನಾಯಿ ಬರುವ ದಿನ ಇವತ್ತು. ಕಂದು ನಾಯಿಗಳೇ ನಲವತ್ತಿವೆ. ಚಿಪ್ ಇದೆಯೇ?"

"ಇದೆ." ಊರ್ಮಿಳಾ ಸಂಖ್ಯೆ ಹೇಳಿದಳು.

"ಬಂದ ಪ್ರತಿ ನಾಯಿಯನ್ನೂ ಬಾಗಿಲಲ್ಲೇ ಸ್ಕ್ಯಾನ್ ಮಾಡುತ್ತೇವೆ. ಆ ಸಂಖ್ಯೆಯದು ಯಾವುದೂ ಇಲ್ಲ. ಇದ್ದರೆ ನಾವೇ ಕರೆಯುತ್ತಿದ್ದೆವು."

ಊರ್ಮಿಳಾ ಆ ಕೇಂದ್ರದ ಹೆಸರಿನ ಮುಂದೆ ಗೆರೆ ಎಳೆದಳು.

ಗುರುವಾರ ಮತ್ತು ಶುಕ್ರವಾರ ಲಾಂಗ್ ಬೀಚಿನ ಕೆಲಸಕ್ಕೆ ಹೋಗಲೇಬೇಕಾಗಿತ್ತು. ದಿನವೂ ಹೋಗಿ ಬಂದಳು. ತಿರುಗಿ ಮೀರಾ ಮೆಸಾ ಮುಟ್ಟುವಾಗ ಏಳು ಗಂಟೆ, ಕೇಂದ್ರಗಳು ಮುಚ್ಚಿರುತ್ತಿದ್ದವು. ಊಟದ ವಿರಾಮದಲ್ಲಿ ಫೋನ್ ಮಾಡಿ ಅದೇ ಸಂಖ್ಯೆ ಹೇಳಿದಳು, ಅದೇ ಉತ್ತರ ಬಂತು. ಶನಿವಾರ ಮತ್ತು ಭಾನುವಾರ ಊರ ಅಂಚಿನ ಕಣಿವೆಯಲ್ಲಿ ನಡೆದಳು. ಅಲ್ಲಿ ಕಾಯೋಟಿಗಳಿವೆ, ಹಿಂಡು ಕಟ್ಟಿಕೊಂಡು ಓಡಾಡುವ, ನರಿಗಿಂತ ದೊಡ್ಡ ಪ್ರಾಣಿ. ಒಣಹುಲ್ಲಿನ ನಡುವೆ ನಿಂತು "ಬಾರಲೇ" ಎಂದು ಕೂಗಿದಳು. ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ತನ್ನನ್ನು ಕರೆದಳೇನೋ ಎಂದು ನಿಂತ, ಆಮೇಲೆ ಕೈಬೀಸಿ ಹೋದ.

ಭಾನುವಾರ ಸಂಜೆ ಶೋಭಾ ಡಬ್ಬಿಯಲ್ಲಿ ಚಿತ್ರಾನ್ನ ತಂದಳು. ಬಾಗಿಲಲ್ಲೇ ನಿಂತಳು.

"ಒಂದ್ಸಲ ಆ ಕೇಂದ್ರಗಳಿಗೆ ಹೋಗಿ ಕಣ್ಣಾರೆ ನೋಡ್ಬನ್ನಿ ಊರ್ಮಿಳಾ. ನಾನೂ ಬರ್ತೀನಿ. ನಂಗೆ ನಿದ್ದೆ ಇಲ್ಲ, ನಮ್ಮನೆಯಿಂದ ಹೋಗಿದ್ದು ಅದು."

"ನೋಡೋದೇನಿದೆ? ಅವರು ರೀಡರ್ ಹಿಡಿದು ನೋಡಿದ್ದಾರೆ. ನನ್ನ ಕಣ್ಣಿಗಿಂತ ರೀಡರ್ ಸರಿ ಇರುತ್ತೆ."

"ಅಯ್ಯೋ, ಮಿಷನ್ನು ರೀ ಅದು. ನಮ್ಮನೆ ವಾಷಿಂಗ್ ಮಿಷನ್ನು ಬಟ್ಟೆ ಇಲ್ದೆ ಇದ್ರೂ ತಿರುಗುತ್ತೆ."

"ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಶೋಭಾ," ಎಂದಳು ಊರ್ಮಿಳಾ. "ಕಣಿವೆಯಲ್ಲಿ ಹುಡುಕೋದು ಬಾಕಿ ಇದೆ. ಅಲ್ಲಿ ಹೋಗ್ತೀನಿ."

ಜುಲೈ 12, ಬುಧವಾರ. ಲಾಂಗ್ ಬೀಚ್ ಬಂದರಿನಿಂದ ಮೂರು ಮೈಲಿ ದೂರದ ಗೋದಾಮು. ಕಂಟೇನರಿನಿಂದ ಇಳಿದ ಪೆಟ್ಟಿಗೆಗಳನ್ನು ನಲವತ್ತೆಂಟರಂತೆ ಜೋಡಿಸಿ, ರೀಡರ್ ಕೂರಿಸಿದ ಬಾಗಿಲಿನ ಮೂಲಕ ಸಾಗಿಸುತ್ತಿದ್ದರು. ಬಾಗಿಲು ದಾಟುವಷ್ಟರಲ್ಲಿ ಎಲ್ಲ ಪೆಟ್ಟಿಗೆಗಳ ಸಂಖ್ಯೆ ಪರದೆಯ ಮೇಲೆ ಬರಬೇಕು. ಅಂದು ಬೆಳಿಗ್ಗೆಯ ಮೊದಲ ಸಾಲಿನಲ್ಲಿ ಮೂವತ್ತೊಂದು ಮಾತ್ರ ಬಂದವು. ಎರಡನೆಯ ಸಲ ಸಾಗಿಸಿದರು. ಮೂವತ್ತೊಂದೇ.

ಗೋದಾಮಿನ ಮೇಲ್ವಿಚಾರಕ ಹದಿನೇಳು ಪೆಟ್ಟಿಗೆ ಕಡಿಮೆ ಬಂದಿವೆ ಎಂದು ಸರಕು ಕಳಿಸಿದವರಿಗೆ ಪತ್ರ ಬರೆಯಲು ಕೂತ. ಊರ್ಮಿಳಾ ಅವನನ್ನು ತಡೆದಳು.

"ಓದಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ಮೊದಲು ಕೈಯಲ್ಲಿ ಎಣಿಸಿ."

ಇದು ಅವಳು ಹೊಸ ಕೆಲಸಗಾರರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಮಾತು. ಅವಳ ಜೊತೆಗಿದ್ದ ತಂತ್ರಜ್ಞ ಹಾಲಪ್ಪ, ತುಮಕೂರಿನವರು, ಐವತ್ತೆರಡು ವರ್ಷ, ಏಣಿ ಹತ್ತಿ ಎಣಿಸಿದರು. ನಲವತ್ತೆಂಟೂ ಇದ್ದವು. ಓದದೆ ಉಳಿದ ಒಂದರ ಟ್ಯಾಗನ್ನು ಅವರು ಬೆಳಕಿಗೆ ಹಿಡಿದರು. ಅದರ ಆಂಟೆನಾದ ಅಳತೆ ಬೇರೆ ಇತ್ತು. ಕಾರ್ಖಾನೆಯಲ್ಲಿ ಯಾರೋ ಯುರೋಪಿಗೆ ಹೋಗಬೇಕಾದ ಸುರುಳಿಯಿಂದ ಹದಿನೇಳು ಟ್ಯಾಗ್ ಕಿತ್ತು ಅಮೆರಿಕದ ಪೆಟ್ಟಿಗೆಗಳಿಗೆ ಅಂಟಿಸಿದ್ದರು. 866ಕ್ಕೆ ಹೊಂದಿಸಿದ ಟ್ಯಾಗ್‌ಗೆ 915ರಲ್ಲಿ ಕೂಗಿದರೆ ಕಿವಿ ಕೇಳಿಸುವುದು ಕಷ್ಟ. ಕೈಯಲ್ಲಿ ಹಿಡಿಯುವ ರೀಡರನ್ನು ನಾಲ್ಕು ಇಂಚು ಹತ್ತಿರ ತಂದಾಗ ಮಾತ್ರ ಅದು ಬೀಪ್ ಎಂದಿತು.

ಹಾಲಪ್ಪ ಏಣಿಯ ಮೇಲಿಂದಲೇ ನಕ್ಕರು.

"ನೋಡಿ ಮೇಡಂ, ಈವಯ್ಯ ಇಲ್ಲೇ ಕುಂತವ್ನೆ, ದುಂಡಗೆ. ನಿಮ್ಮ ಬಾಗ್ಲು ಮಾತ್ರ ಊರಲ್ಲೇ ಇಲ್ಲ ಅಂತದೆ. ಯುರೋಪಿನವ್ನು ಅಲ್ವಾ, ಅವನ ಫ್ರೀಕ್ವೆನ್ಸಿ ಬೇರೆ."

ಊರ್ಮಿಳಾ ಕೈಯಲ್ಲಿದ್ದ ಹಾಳೆಯನ್ನು ಪೆಟ್ಟಿಗೆಯ ಮೇಲೆ ಇಟ್ಟಳು.

"ಹಾಲಪ್ಪನವ್ರ, ನಾ ಎಂಥ ಹುಚ್ಚಿ ಅದೀನ್ರಿ," ಎಂದಳು. "ಅಂವಾ ಅಲ್ಲೇ ಅದಾನ."

"ಯಾರು ಮೇಡಂ?" ಅವರು ಏಣಿಯಿಂದ ಇಳಿದರು. ಎರಡು ವಾರದಿಂದ ಜೊತೆಗಿದ್ದರೂ ಅವಳು ಹೀಗೆ ಮಾತಾಡಿದ್ದನ್ನು ಅವರು ಕೇಳಿರಲಿಲ್ಲ. "ಯಾರು ಎಲ್ಲವ್ರೆ?"

ಅವಳು ಆಗಲೇ ಹೊರಗೆ ನಡೆದಿದ್ದಳು. ಗಂಟೆ 10:20. ಮೂರನೆಯ ಕೇಂದ್ರಕ್ಕೆ ಫೋನ್ ಮಾಡಿದಳು.

"ನಿಮ್ಮ ರೀಡರ್ ಯಾವ ಆವರ್ತನದ್ದು?"

"ಏನು?"

"ಅದರ ಬೆನ್ನಿನ ಮೇಲೆ ಒಂದು ಚೀಟಿ ಇರುತ್ತದೆ. ದಯವಿಟ್ಟು ಓದಿ."

ಆ ಹೆಂಗಸು ಎದ್ದು ಹೋಗಿ ಬಂದಳು. "125 ಕಿಲೋಹರ್ಟ್ಸ್ ಎಂದಿದೆ."

ಕೆಂಚ್ಯಾನದು 134.2. ಯುರೋಪಿನ ನಾಯಿಗಳಿಗೆ ಅದೇ ಅಂತರರಾಷ್ಟ್ರೀಯ ಮಾನದಂಡ. ಅಮೆರಿಕದಲ್ಲಿ ಆ ಮಾನದಂಡ ಬರುವ ಮೊದಲೇ 125ರ ಚಿಪ್‌ಗಳು ಲಕ್ಷಗಟ್ಟಲೆ ನಾಯಿಗಳ ಮೈ ಸೇರಿದ್ದವು, ಕೇಂದ್ರಗಳ ಕೈಗೆ ಅದಕ್ಕೆ ತಕ್ಕ ರೀಡರ್‌ಗಳೇ ಬಂದಿದ್ದವು. ಇದನ್ನು ಊರ್ಮಿಳಾ ವರ್ಷಗಳ ಹಿಂದೆಯೇ ಓದಿದ್ದಳು. ಒಂಬತ್ತು ಗಿಗಾಹರ್ಟ್ಸ್‌ವರೆಗೆ ಅಳೆಯುವ ಉಪಕರಣ ಅವಳ ಮೇಜಿನ ಮೇಲಿತ್ತು. ವಿಮಾನದಿಂದ ಇಳಿದ ದಿನ ಲಾಸ್ ಏಂಜಲಿಸ್‌ನಲ್ಲಿ ರೇಬೀಸ್ ಲಸಿಕೆಯ ಪತ್ರ ಕೇಳಿದ್ದರು, ಚಿಪ್ ಯಾರೂ ಕೇಳಿರಲಿಲ್ಲ. ಆಗಲೂ ಅವಳಿಗೆ ನೆನಪಾಗಿರಲಿಲ್ಲ.

"ಕಂದು ಗಂಡು ನಾಯಿ, ಎಡ ಮುಂಗಾಲಿನ ಪಾದ ಬಿಳಿ," ಎಂದಳು. "ಯಾರಿಗೂ ಕೊಡಬೇಡಿ. ನಾನು ಬರುತ್ತಿದ್ದೇನೆ."

"ನಾನು ಮುಂದಿನ ಕೌಂಟರಿನಲ್ಲಿದ್ದೇನೆ ಮ್ಯಾಮ್, ನಾಯಿಗಳು ಹಿಂದಿನ ಕಟ್ಟಡದಲ್ಲಿವೆ. ಚೀಟಿ ಬರೆದಿಡುತ್ತೇನೆ. ನೀವೇ ಬರಬೇಕು."

ಹಾಲಪ್ಪ ಅವಳ ಕೈಚೀಲ ತಂದುಕೊಟ್ಟರು. "ಇಲ್ಲಿಂದು ನಾನು ನೋಡ್ಕೋತೀನಿ ಮೇಡಂ. ನಿಧಾನಕ್ಕೆ ಓಡ್ಸಿ."

ನಿಧಾನಕ್ಕೆ ಓಡಿಸುವುದನ್ನು ರಸ್ತೆಯೇ ನೋಡಿಕೊಂಡಿತು. ಅರ್ವೈನ್ ಬಳಿ ಒಂದು ಲಾರಿ ಅಡ್ಡ ನಿಂತಿತ್ತು. ಅವಳು ಕೇಂದ್ರದ ಮುಂದೆ ಕಾರು ನಿಲ್ಲಿಸಿದಾಗ 12:50.

ಹಿಂದಿನ ಕಟ್ಟಡದಲ್ಲಿ ಗೂಡುಗಳು ಎರಡು ಸಾಲು. ಒಂದು ಸಾಲು ಮುಗಿಸಿ ಇನ್ನೊಂದರ ನಡುವೆ ಬಂದಳು. ಐವತ್ತೇಳನೆಯ ಗೂಡು ಖಾಲಿ. ನೆಲ ಆಗತಾನೆ ತೊಳೆದಿತ್ತು. ಬಾಗಿಲಿಗೆ ಸಿಕ್ಕಿಸಿದ್ದ ಕಾರ್ಡನ್ನು ಇನ್ನೂ ತೆಗೆದಿರಲಿಲ್ಲ. ಬಂದದ್ದು ಜುಲೈ 5, ಬೆಳಿಗ್ಗೆ 6:40, ಮೀರಾ ಮೆಸಾ. ಗಂಡು, ಕಂದು, ಎಡ ಮುಂಗಾಲಿನ ಪಾದ ಬಿಳಿ. ಮಾತಿಗೆ ಓಗೊಡುವುದಿಲ್ಲ. ಚಿಪ್: ಇಲ್ಲ. ಕಾರ್ಡಿನ ಮೂಲೆಯಲ್ಲಿ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಫೋಟೋ. ಅದರಲ್ಲಿ ಕೆಂಚ್ಯಾ ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ, ಯಾರೋ ಬರುವ ಬಾಗಿಲಿನ ಕಡೆ ನೋಡುತ್ತಿದ್ದ.

"ಮಾತಿಗೆ ಓಗೊಡುವುದಿಲ್ಲ" ಎಂಬ ಸಾಲನ್ನು ಅವಳು ಎರಡು ಸಲ ಓದಿದಳು.

ಕೇಂದ್ರದ ನಿರ್ದೇಶಕಿ ಅವಳನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಊರ್ಮಿಳಾ ಕೈಚೀಲದಿಂದ ಯುರೋಪಿನಲ್ಲಿ ಸಾಕುಪ್ರಾಣಿಗಳಿಗೆ ಕೊಡುವ ನೀಲಿ ಬಣ್ಣದ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಹದಿನೈದು ಅಂಕಿಯ ಚೀಟಿ, ಕೆಂಚ್ಯಾನ ಚಿತ್ರ. ನಿರ್ದೇಶಕಿ ಅದನ್ನೂ ಕಾರ್ಡನ್ನೂ ಹತ್ತಿರ ಹಿಡಿದು ನೋಡಿದಳು.

"ಅವನೇ," ಎಂದಳು. "ಇದರಲ್ಲಿ ಅನುಮಾನವಿಲ್ಲ. ಆದರೆ ಕಾನೂನು ಮಾಲೀಕರಿಗಾಗಿ ನಾಲ್ಕು ಕೆಲಸದ ದಿನ ಕಾಯಿರಿ ಎನ್ನುತ್ತದೆ. ನಾವು ಕಾದೆವು. ಅವಧಿ ನಿನ್ನೆ ಮುಗಿಯಿತು. ಇವತ್ತು 11:05ಕ್ಕೆ ಒಂದು ಕುಟುಂಬ ಅವನನ್ನು ದತ್ತು ತೆಗೆದುಕೊಂಡು ಹೋಯಿತು. ಈಗ ಅವನು ಅವರ ನಾಯಿ."

"ನಾನು 10:20ಕ್ಕೆ ಫೋನ್ ಮಾಡಿದ್ದೆ."

"ಚೀಟಿ ಮುಂದಿನ ಮೇಜಿನ ಮೇಲಿದೆ. ನಾನು ಈಗ ನೋಡಿದೆ." ನಿರ್ದೇಶಕಿ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಅವರ ವಿಳಾಸ ಕೊಡಲು ಬರುವುದಿಲ್ಲ. ಆದರೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಕೊಡಲೇಬೇಕೆಂದು ಹೇಳುವ ಅಧಿಕಾರ ನನಗಿಲ್ಲ."

ಆಮೇಲೆ ಅವಳು ಕೇಳಿದ ಪ್ರಶ್ನೆ ಸಹಜವಾದದ್ದೇ. "ಒಂದು ವಾರದಲ್ಲಿ ನೀವು ಒಮ್ಮೆಯೂ ಬಂದು ನೋಡಲಿಲ್ಲವೇ?"

"ಇಲ್ಲ," ಎಂದಳು ಊರ್ಮಿಳಾ. "ಸಂಖ್ಯೆ ಇಲ್ಲ ಎಂದಿರಿ. ನಾನು ನಂಬಿದೆ."

ಶುಕ್ರವಾರ ಸಂಜೆ ಉತ್ತರ ಬಂತು. ಕುಟುಂಬ ಒಪ್ಪಲಿಲ್ಲ. ಒರಟಾಗಿ ಹೇಳಲಿಲ್ಲ ಎಂದು ನಿರ್ದೇಶಕಿ ತಿಳಿಸಿದಳು. ಅವರ ಹಳೆಯ ನಾಯಿ ಮಾರ್ಚ್‌ನಲ್ಲಿ ಸತ್ತಿತ್ತು. ಮಕ್ಕಳು ಇದಕ್ಕೆ ಆಗಲೇ ಕೂಪರ್ ಎಂದು ಹೆಸರಿಟ್ಟಿದ್ದರು. ಮೊದಲ ರಾತ್ರಿ ಅದು ಬಾಗಿಲ ಬಳಿ ಮಲಗಿತ್ತಂತೆ, ಎರಡನೆಯ ರಾತ್ರಿ ಕೋಣೆಯೊಳಗೆ ಬಂತಂತೆ. ಊರ್ಮಿಳಾ ಬೇಕಾದರೆ ಪತ್ರ ಬರೆಯಬಹುದು, ಕೇಂದ್ರ ಅದನ್ನು ತಲುಪಿಸುತ್ತದೆ.

ಶೋಭಾ ಮತ್ತು ಅರವಿಂದ ಇಬ್ಬರೂ ಬಂದರು.

"ಲಾಯರ್ ಹಿಡಿಯೋಣ," ಎಂದರು ಅರವಿಂದ. "ನನ್ನ ಆಫೀಸಲ್ಲಿ ಒಬ್ರಿಗೆ ಗೊತ್ತು. ಇದು ಅವರ ತಪ್ಪು, ರೀಡರ್ ಅವರದು."

"ಚಿಪ್ ನಂದು," ಎಂದಳು ಊರ್ಮಿಳಾ. "ಬೆಲ್ಟಿಗೆ ಬಿಲ್ಲೆ ಹಾಕದವಳು ನಾನು. ಹೋಗಿ ನೋಡು ಅಂತ ನಿಮ್ಮ ಹೆಂಡ್ತಿ ಹೇಳಿದ್ರು."

"ಅದೆಲ್ಲ ಈಗ್ಯಾಕೆ ಬಿಡಿ," ಶೋಭಾ ಅವಳ ಕೈ ಹಿಡಿದಳು. "ಇವತ್ತು ನಮ್ಮನೇಲಿ ಮಲ್ಕೊಳ್ಳಿ. ಒಬ್ಬರೇ ಇರಬೇಡಿ."

"ಬೇಡ ಶೋಭಾ. ಪತ್ರ ಬರೀಬೇಕು."

ಪತ್ರ ಒಂದು ಪುಟ. ಮೊದಲು ಹದಿನೈದು ಅಂಕಿ. ಅದರ ಕೆಳಗೆ, ಆ ಸಂಖ್ಯೆ ಯಾರದೆಂದು ದಾಖಲಾಗಿರುವ ಜರ್ಮನಿಯ ನೋಂದಣಿ ಕಚೇರಿಯ ವಿಳಾಸ. ಚಿಪ್‌ನ ಆವರ್ತನ 134.2 ಕಿಲೋಹರ್ಟ್ಸ್, ಸ್ಯಾನ್ ಡಿಯೇಗೊದ ಹೆಚ್ಚಿನ ರೀಡರ್‌ಗಳು ಇದನ್ನು ಓದುವುದಿಲ್ಲ, ಆದ್ದರಿಂದ ಬೆಲ್ಟಿಗೆ ಹೆಸರು ಮತ್ತು ಫೋನ್ ಸಂಖ್ಯೆಯ ಬಿಲ್ಲೆ ಹಾಕಿರಿ. ಪಟಾಕಿಗೆ ಹೆದರುತ್ತಾನೆ, ಜುಲೈ 4ರಂದು ಕಿಟಕಿ ಇಲ್ಲದ ಕೋಣೆಯಲ್ಲಿ ದೀಪ ಹಚ್ಚಿ ಬಿಡಿ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ನಂತರ ಅವನಿಗೆ ಬರುವ ಹನ್ನೊಂದು ಮಾತು, ಪ್ರತಿಯೊಂದರ ಮುಂದೆ ಅರ್ಥ. ನಾಯಿಯನ್ನು ವಾಪಸು ಕೊಡಿ ಎಂಬ ಸಾಲನ್ನು ಮೊದಲ ಪ್ರತಿಯಲ್ಲಿ ಬರೆದಿದ್ದಳು. ಎರಡನೆಯದರಲ್ಲಿ ಬಿಟ್ಟಳು. ಅದಕ್ಕೆ ಅವರು ಈಗಾಗಲೇ ಉತ್ತರ ಕೊಟ್ಟಿದ್ದರು.

ಲಾಂಗ್ ಬೀಚಿನ ಕೆಲಸ ಜುಲೈ 28ಕ್ಕೆ ಮುಗಿಯಿತು. ಕೊನೆಯ ದಿನ ಹಾಲಪ್ಪ ಕೇಳಿದರು, "ಮೇಡಂ, ಆವತ್ತಿನ ಥರ ಒಂದ್ಸಲ ಮಾತಾಡಿ, ಕೇಳೋಕೆ ಚೆಂದ ಇತ್ತು." ಅವಳು ನಕ್ಕು ಉಪಕರಣಗಳನ್ನು ಪೆಟ್ಟಿಗೆಗೆ ತುಂಬಿದಳು. ಆಫೀಸಿಗೆ ಮರಳಿದ ಮೇಲೆ ತನ್ನ ಪಟ್ಟಿಗೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಸಾಕುಪ್ರಾಣಿ, ಯುರೋಪ್ 134.2, ಅಮೆರಿಕ ಹೆಚ್ಚಾಗಿ 125. ಇದು ನಮ್ಮ ಸರಕಲ್ಲ, ಯಾಕೆ ಸೇರಿಸಿದ್ದು ಎಂದು ಮ್ಯಾನೇಜರ್ ಕೇಳಿದ. ಪಟ್ಟಿ ಪೂರ್ತಿ ಇರಲಿ ಎಂದಳು. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದಳು; ಒಬ್ಬಳಿಗೆ ಹಿಟ್ಟು ಕಲಸುವುದು ಹೆಚ್ಚೇ ಆಗುತ್ತಿತ್ತು.

ಆಗಸ್ಟ್ 23ರಂದು ಕೇಂದ್ರದಿಂದ ಒಂದು ಲಕೋಟೆ ಬಂತು. ಒಳಗೆ ಜರ್ಮನಿಯ ನೋಂದಣಿ ಕಚೇರಿಯ ಹಾಳೆ. ಆ ಹದಿನೈದು ಅಂಕಿಯ ಮುಂದೆ ಇರುವ ಮಾಲೀಕರ ಹೆಸರು ಬದಲಿಸಲು ಹಳೆಯ ಮಾಲೀಕರ ಸಹಿ ಬೇಕು. ಹೊಸ ಹೆಸರಿನ ಜಾಗವನ್ನು ನೀಲಿ ಮಸಿಯಲ್ಲಿ ತುಂಬಿದ್ದರು. ಅವರ ಊರು ಎಸ್ಕೊಂಡಿಡೊ ಎಂದು ಅವಳಿಗೆ ಮೊದಲ ಸಲ ಗೊತ್ತಾದದ್ದು ಹಾಗೆ. ಮೀರಾ ಮೆಸಾದಿಂದ ಇಪ್ಪತ್ತು ಮೈಲಿಯೊಳಗೆ. ಬೀದಿಯ ಹೆಸರೂ ಮನೆಯ ಸಂಖ್ಯೆಯೂ ಇದ್ದವು. ಜೊತೆಗೆ ಒಂದು ಚೀಟಿ: ನಿಮ್ಮ ಹನ್ನೊಂದು ಮಾತುಗಳಲ್ಲಿ ನಾವು ಹೇಳಿದ್ದು ಅವನಿಗೆ ತಿಳಿಯುವುದು ಒಂದೇ, ಕೂರು ಎನ್ನುವುದು.

ಸಹಿ ಮಾಡದಿದ್ದರೆ ಆ ಸಂಖ್ಯೆ ಇನ್ನೂ ಅವಳದೇ. ನಾಯಿ ಇನ್ನೊಮ್ಮೆ ತಪ್ಪಿಸಿಕೊಂಡು, ಸರಿಯಾದ ರೀಡರ್ ಇರುವ ಕಡೆ ಸಿಕ್ಕಿದರೆ, ಕರೆ ಅವಳಿಗೆ ಬರುತ್ತದೆ. ಅವಳು ಲಾಂಗ್ ಬೀಚಿನಲ್ಲೋ ಇನ್ನೆಲ್ಲೋ ಇರುತ್ತಾಳೆ. ನಾಯಿ ನಾಲ್ಕು ದಿನ ಗೂಡಿನಲ್ಲಿ ಬಾಗಿಲು ನೋಡುತ್ತ ಕೂರುತ್ತದೆ.

ಮರುದಿನ, ಆಗಸ್ಟ್ 24, ಗುರುವಾರ, ಬೆಳಿಗ್ಗೆ 8:10ಕ್ಕೆ ಅವಳು ಸಹಿ ಮಾಡಿದ ಹಾಳೆಯನ್ನು ಆಫೀಸಿನ ಫ್ಯಾಕ್ಸ್‌ನಿಂದ ಜರ್ಮನಿಗೆ ಕಳಿಸಿದಳು. ಅಲ್ಲಿ ಆಗ ಸಂಜೆ 5:10, ಕಚೇರಿ ಮುಚ್ಚಿತ್ತು. ಹೆಸರು ಬದಲಾದದ್ದು ಶುಕ್ರವಾರ.